ಜೂನ್ ಒಂದರ ಅವಳಿಗಳು

ನನ್ನ ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಆದರೆ ಸರಕಾರದ ಯಾವ ಕಾಗದ ತೆಗೆದು ನೋಡಿದರೂ ನಾವಿಬ್ಬರೂ ಒಂದೇ ವರ್ಷದ ಒಂದೇ ದಿನ ಹುಟ್ಟಿದವರು: ಜೂನ್ ಒಂದು. ಐವತ್ತು-ಅರವತ್ತು ವರ್ಷ ಈ ಸುಳ್ಳು ನಮ್ಮ ಮನೆಯಲ್ಲಿ ಬೆಕ್ಕಿನ ಹಾಗೆ ಸುಮ್ಮನೆ ಮಲಗಿತ್ತು. ಅದು ಎದ್ದು ಕೂತದ್ದು ಅಕ್ಕ ಮುಖಕ್ಕೆ ಗಾಗಲ್ ಕಟ್ಟಿಕೊಂಡು ಗಾಳಿಗೆ ಹೊಡೆಯಲು ಶುರು ಮಾಡಿದ ಮೇಲೆ.

ಮೊದಲು ಸುಳ್ಳಿನ ಸಂಗತಿ ಹೇಳಿಬಿಡುತ್ತೇನೆ. ನಮ್ಮದು ಗೋಕಾಕ ತಾಲೂಕಿನ ಹಳ್ಳಿಯೊಂದರ ಕುರಿ ಕಾಯುವ ಮನೆ. ಅಪ್ಪ-ಅವ್ವ ಹಿಂಡಿನ ಹಿಂದೆ ಹೋದರೆ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ತಿರುಗುವುದು ಅಕ್ಕನ ಕೆಲಸ. ಹಾಗಾಗಿ ಆಕೆ ಸಾಲಿಗೆ ಹೋಗುವ ವಯಸ್ಸಿನಲ್ಲಿ ಹೋಗಲಿಲ್ಲ. ನಾನು ಐದು ದಾಟಿದ ಮೇಲೆ, ಈಗ ಇಬ್ಬರನ್ನೂ ಕೂಡಿಯೇ ಹಾಕಿಬಿಡೋಣ ಎಂದು ಅವ್ವ ನಮ್ಮನ್ನು ಕರೆದೊಯ್ದಳು. ಹೆಡ್‌ಮಾಸ್ತರರು ಹುಟ್ಟಿದ ದಿನ ಕೇಳಿದರು. ಅವ್ವ ತಿಳಿದಷ್ಟನ್ನು ಸರಿಯಾಗಿಯೇ ಹೇಳಿದಳು: ಹುಡುಗಿ ಹುಟ್ಟಿದ್ದು ಮೊಹರಮ್ಮಿಗೆ ಮಸೀದಿ ಮುಂದೆ ಬೆಂಕಿ ಹಾಕುವ ಅಲಾವಿ ಕುಣಿ ತೋಡಿದ ಮರುದಿನ, ಹುಡುಗ ಹುಟ್ಟಿದ್ದು ಹೊಲದಲ್ಲಿ ಜೋಳ ಹಾಲುಗಾಳು ಕಟ್ಟಿದಾಗ. ಮಾಸ್ತರರು ಪೆನ್ನಿನ ಮುಚ್ಚಳ ತೆಗೆದು, ಎರಡು ಸಲ ಊದಿ, ಇಬ್ಬರ ಹೆಸರಿನ ಮುಂದೆಯೂ ಜೂನ್ ಒಂದು ಎಂದು ಬರೆದರು. ಅಕ್ಕ ಆಗ ಸಣಕಲಿ, ನಾನು ಕುರಿಹಾಲು ಕುಡಿದ ಗುಂಡಪ್ಪ. ಎತ್ತರದಲ್ಲಿ ಅಂಥ ಅಂತರ ಕಾಣಲಿಲ್ಲವೇನೋ, ವರ್ಷವನ್ನೂ ಒಂದೇ ಬರೆದರು. ಅವ್ವ ಹೆಬ್ಬೆಟ್ಟು ಒತ್ತಿದಳು. ಅಷ್ಟಕ್ಕೆ ಅಕ್ಕನ ಆಯುಷ್ಯದ ನಾಲ್ಕು ವರ್ಷ ಮಾಸ್ತರರ ಮೇಜಿನ ಮೇಲೆಯೇ ಉಳಿಯಿತು.

ಇದರಿಂದ ಯಾರಿಗೂ ಏನೂ ತ್ರಾಸು ಆಗಲಿಲ್ಲ. ಈ ಸೀಮೆಯಲ್ಲಿ ನನ್ನ ವಾರಿಗೆಯವರಲ್ಲಿ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ನಾನು ಮೂವತ್ತಾರು ವರ್ಷ ಬಸ್ ಕಂಡಕ್ಟರ್ ಆಗಿದ್ದೆ; ಮೇ ಮೂವತ್ತೊಂದು ಬಂತೆಂದರೆ ನಿವೃತ್ತಿಯಾಗುವವರ ಸಾಲು ನೋಡಿ ಹೂವಿನವನೇ ಗಾಬರಿಯಾಗುತ್ತಿದ್ದ. ನನಗೆ ಹಾಕಿದ ಹಾರವನ್ನು ಬಿಚ್ಚಿ ಮುಂದಿನವನಿಗೆ ಹಾಕಿದ್ದು ನನಗೆ ಇನ್ನೂ ನೆನಪಿದೆ.

ಅಕ್ಕನನ್ನು ಹುಕ್ಕೇರಿಗೆ ಕೊಟ್ಟಿತ್ತು. ಭಾವ ತೀರಿಕೊಂಡ ಮೇಲೆ ಆಕೆ ಗೋಕಾಕದ ನಮ್ಮ ಮನೆಗೆ ಬಂದಳು. ಬಂದ ಮರುದಿನವೇ ಒಲೆಯ ಮುಂದಿನ ಜಾಗ ಹಿಡಿದಳು, ನನ್ನ ಹೆಂಡತಿ ಬಿಟ್ಟುಕೊಟ್ಟಳು. ಅಕ್ಕ ರೊಟ್ಟಿ ಬಡಿಯುವುದನ್ನು ಕೇಳಿದರೆ ಸಾಕು, ನೋಡಬೇಕಾಗಿಲ್ಲ. ಎರಡು ಕೈಯ ಸಪ್ಪಳ ಒಂದಕ್ಕೊಂದು ಜಾಗ ಬಿಡುತ್ತಾ ಬರುತ್ತಿತ್ತು. ಅವಳ ಪ್ರತಿ ರೊಟ್ಟಿಯ ಅಂಚಿನಲ್ಲೂ ಒಂದು ಸಣ್ಣ ತಗ್ಗು ಇರುತ್ತಿತ್ತು. ಬಲಗೈ ಹೆಬ್ಬೆರಳಿನ ಬುಡ ಊರುವ ಜಾಗ ಅದು. ಬುತ್ತಿ ಬಿಚ್ಚಿದಾಗ ನನ್ನ ಡ್ರೈವರು ಮೊದಲು ಆ ತಗ್ಗು ಹುಡುಕಿ, ಇವತ್ತಿನವು ಅಕ್ಕನವು ಎಂದು ನನ್ನ ಪಾಲಿನದನ್ನೂ ಎತ್ತಿಕೊಳ್ಳುತ್ತಿದ್ದ.

ನಾನು ನಿವೃತ್ತನಾದ ಮೂರನೆಯ ವರ್ಷ ಅಕ್ಕನಿಗೆ ಲಕ್ವಾ ಹೊಡೆಯಿತು. ಬಾಯಿ ಒಂದು ತಿಂಗಳಲ್ಲಿ ನೆಟ್ಟಗಾಯಿತು, ಕಾಲು ಎರಡು ತಿಂಗಳಲ್ಲಿ ನಡೆಯಿತು, ಬಲಗೈ ಮಾತ್ರ ತೊಡೆಯ ಮೇಲೆ ಇಟ್ಟಲ್ಲಿ ಇಟ್ಟಂತೆ ಇತ್ತು. ಹೆಂಡತಿ ರೊಟ್ಟಿ ಮಾಡತೊಡಗಿದಳು. ಅವಳ ರೊಟ್ಟಿ ತೆಳ್ಳಗೆ, ಗುಂಡಗೆ, ಹೆಸರಿಡುವಂತಿಲ್ಲ. ಅಕ್ಕ ಉಣ್ಣುವಾಗ ರೊಟ್ಟಿಯ ಅಂಚನ್ನು ಎಡಗೈಯಿಂದ ಸುತ್ತ ಸವರಿ ನೋಡಿ ಆಮೇಲೆ ಮುರಿಯುತ್ತಿದ್ದಳು. ಒಂದು ದಿನ ಹುಕ್ಕೇರಿಗೆ ಹೋದಾಗ ಕೈಕಾಲಿಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಬಾಯಿ ಕೇಳಿದರು, ಈ ಕೈಯಿಂದ ನಿಮಗೆ ಏನು ಮಾಡಬೇಕಾಗಿದೆ ಎಂದು. ಬೇರೆಯವರಾಗಿದ್ದರೆ ಸೀರೆ ಉಡಬೇಕು, ತಲೆ ಬಾಚಬೇಕು ಎನ್ನುತ್ತಿದ್ದರೇನೋ. ಅಕ್ಕ ಹೇಳಿದಳು:

“ರೊಟ್ಟಿ ಬಡೀಬೇಕ್ರಿ. ಉಳಿದದ್ದಕ್ಕ ಈ ಎಡಗೈ ಐತಿ.”

ಡಾಕ್ಟರಬಾಯಿ ಅಕ್ಕ ಮೊದಲಿದ್ದ ಓಣಿಯವರೇ, ಆಕೆಯ ರೊಟ್ಟಿ ತಿಂದೇ ದೊಡ್ಡವರಾದವರು. ಅವರೇ ಗಾಗಲ್ ತೋರಿಸಿದ್ದು. ವರ್ಚುವಲ್ ರಿಯಾಲಿಟಿ ಎಂದು ಅದರ ದೊಡ್ಡ ಹೆಸರು. ಕಣ್ಣು ಪೂರ್ತಿ ಮುಚ್ಚುವ ಒಂದು ಕಪ್ಪು ಪೆಟ್ಟಿಗೆ, ತಲೆಗೆ ಪಟ್ಟಿ. ಹಾಕಿಕೊಂಡರೆ ಒಳಗೆ ಬಯಲು, ಆಕಾಶ. ಎದುರಿನಿಂದ ಹಳದಿ ಚೆಂಡುಗಳು ತೇಲಿ ಬರುತ್ತವೆ, ಅಂಗೈಯಿಂದ ಬಡಿಯಬೇಕು. ಕೈ ಎಷ್ಟು ಎತ್ತಲು ಬರುತ್ತದೋ ಅದಕ್ಕಿಂತ ಒಂದು ಬೆರಳು ಮೇಲೆ ಚೆಂಡು ಬರುತ್ತದೆ. ಇವತ್ತು ಮುಟ್ಟಿದರೆ ನಾಳೆ ಇನ್ನೊಂದು ಬೆರಳು ಮೇಲೆ. ಎಷ್ಟು ಸಲ ಹೊಡೆದಳು, ಎಲ್ಲಿಯವರೆಗೆ ಎತ್ತಿದಳು ಎಂಬುದು ಡಾಕ್ಟರಬಾಯಿಯ ಮೊಬೈಲಿಗೆ ಹುಕ್ಕೇರಿಯಲ್ಲೇ ಕಾಣುತ್ತದೆ.

ಅಕ್ಕ ಅದನ್ನು ತಿರುವಿ ನೋಡಿ, ಗಾಣದ ಎತ್ತಿಗೆ ಕಟ್ಟುವ ಕಣ್ಣಪಟ್ಟಿ ಇದು, ನಾನು ಎಷ್ಟು ಸುತ್ತು ಹಾಕಬೇಕು ಹೇಳಿರಿ ಎಂದಳು. ಆದರೆ ಹಾಕಿಕೊಂಡ ಮೇಲೆ ತೆಗೆಯಲು ಒಪ್ಪಲಿಲ್ಲ. ಹೊರಗೆ ಬೆಂಚಿನ ಮೇಲೆ ಇನ್ನೂ ಆರು ಜನ ಕಾಯುತ್ತಿದ್ದರು. ಮನೆಗೇ ಒಂದು ತೆಗೆದುಕೊಳ್ಳುವುದು ಒಳ್ಳೆಯದು ಎಂದು ಡಾಕ್ಟರಬಾಯಿ ಹೇಳಿದರು.

ಮೂಡಲಗಿಯಲ್ಲಿ ನನಗೆ ಗುರುತಿನ ಒಂದು ಮೊಬೈಲ್ ಅಂಗಡಿ ಇದೆ. ಅದನ್ನು ನಡೆಸುವವನ ಅಜ್ಜ ಅದೇ ಜಾಗದಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ಮೊಮ್ಮಗ ಕಾಲೇಜಿಗೆ ನನ್ನ ಬಸ್ಸಿನಲ್ಲಿ ಪಾಸ್ ತೋರಿಸಿ ಓಡಾಡಿದವನು, ಈಗ ಎರಡು ಮಕ್ಕಳ ತಂದೆ. ಅವನು ಒಂದು ಗಾಗಲ್ ತರಿಸಿಕೊಟ್ಟ. ಚೆಂಡಿನ ಆ ಆಟವನ್ನೂ ಹಾಕಿದ. ಅದರ ಜೊತೆ ಇನ್ನೂ ಏನೇನೋ ಹಾಕಿ, ಎಲ್ಲ ತುಂಬಿ ಕೊಟ್ಟಿದ್ದೇನೆ ಕಾಕಾ, ಒಂದನ್ನೂ ನೀವು ಕೊಳ್ಳುವ ಕೆಲಸವಿಲ್ಲ ಎಂದ. ನಾನು ಪಕ್ಕಾ ಕಂಡಕ್ಟರ್. ಅಲ್ಲೇ ಕಿವಿ ನಿಮಿರಬೇಕಿತ್ತು. ನಿಮಿರಲಿಲ್ಲ. ಅಕ್ಕನ ಹೆಸರಿನಲ್ಲಿ ಖಾತೆ ತೆರೆದ. ಫೋನ್ ನಂಬರು ನನ್ನದು, ಮನೆ ನಂಬರು ನಮ್ಮದು, ಹುಟ್ಟಿದ ದಿನ ಆಧಾರ್ ಕಾರ್ಡಿನಲ್ಲಿದ್ದದ್ದು.

ಮೂರು ತಿಂಗಳು ನಮ್ಮ ಮನೆಯ ಪಡಸಾಲೆಯಲ್ಲಿ ಅಕ್ಕ ಗಾಳಿಯನ್ನು ಬಡಿದಳು. ಬೆಳಗಿನ ಚಹಾ ಆದ ಮೇಲೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ. ಅವಳು ಅದಕ್ಕೆ ಆಟ ಎನ್ನಲಿಲ್ಲ, ರೊಟ್ಟಿ ಎಂದಳು. ಇವತ್ತು ಎಷ್ಟು ರೊಟ್ಟಿ ಆಯಿತು ಎಂದು ಕೇಳಿದರೆ ಎಂಬತ್ತು ಎನ್ನುವಳು, ಒಂದೂ ಹೊಟ್ಟೆಗೆ ಬರಲಿಲ್ಲ ಎಂದೂ ಸೇರಿಸುವಳು. ತೊಡೆಯ ಮೇಲಿದ್ದ ಕೈ ಸೊಂಟಕ್ಕೆ ಬಂತು, ಸೊಂಟದಿಂದ ಎದೆಗೆ ಬಂತು. ಹೆಗಲಿಗೆ ಇನ್ನು ನಾಲ್ಕು ಬೆರಳು ಉಳಿದಿತ್ತು. ಬೆರಳುಗಳು ಬಿಚ್ಚತೊಡಗಿದವು, ಹಿಟ್ಟು ಒತ್ತುವಷ್ಟು ಬಲ ಮಾತ್ರ ಬಂದಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಗಾಗಲ್ ತಾನೇ ತಾನಾಗಿ ಏನೋ ಹೊಸದನ್ನು ಇಳಿಸಿಕೊಂಡು, ಆರಿ, ಹೊತ್ತಿಕೊಂಡಿತು. ಅಕ್ಕ ಹಾಕಿಕೊಂಡಳು. ಬಯಲು ಬಂತು, ಆಕಾಶ ಬಂತು, ಚೆಂಡು ಬರಲಿಲ್ಲ. ಒಂದು ಬೋರ್ಡು ಬಂದು ನಿಂತಿದೆ, ಇಂಗ್ಲಿಷಿನಲ್ಲಿದೆ ಎಂದಳು. ನಾನು ಹಾಕಿಕೊಂಡು ಓದಿದೆ: ಈ ಆ್ಯಪ್ ಬಳಸುವ ಹಕ್ಕು ನಿಮ್ಮ ಖಾತೆಗೆ ಇಲ್ಲ.

ಡಾಕ್ಟರಬಾಯಿಗೆ ಫೋನು ಮಾಡಿದೆ. ಅವರು ನೇರವಾಗಿ ಹೇಳಿದರು: “ಕಾಕಾ, ಈಗ ಬಿಡಬ್ಯಾಡ್ರಿ. ಈ ಎರಡು-ಮೂರು ತಿಂಗಳದಾಗ ಕೈ ಎಷ್ಟು ಬರ್ತೈತೋ ಅಷ್ಟ. ಬಿಟ್ರ ಹೆಗಲು ಬಿಗಿತೈತಿ, ಆಮ್ಯಾಲ ನನ್ನ ಕೈಯಾಗೂ ಇಲ್ಲ, ನಿಮ್ಮ ಕೈಯಾಗೂ ಇಲ್ಲ.”

ಗಾಗಲನ್ನು ಚೀಲಕ್ಕೆ ಹಾಕಿಕೊಂಡು ಮೂಡಲಗಿ ಬಸ್ಸು ಹತ್ತಿದೆ. ಅಂಗಡಿಯವನು ನೋಡಿದ, ಒತ್ತಿದ, ತಲೆ ಕೆರೆದುಕೊಂಡ. ಮೇಲಕ್ಕೆ ಫ್ಯಾನ್ ನೋಡುತ್ತಾ ಹೇಳಿದ:

“ಕಾಕಾ, ಅದು ಕಾಪಿ ಇತ್ತು.”

“ಕಾಪಿ ಅಂದ್ರ?”

“ಅಂದ್ರ… ನಿಮ್ಮ ಭಾಷೆದಾಗ ಹೇಳ್ಬೇಕಂದ್ರ, ಟಿಕೆಟ್ ತಗೊಂಡಿದ್ದಿಲ್ಲ.”

ಮೂವತ್ತಾರು ವರ್ಷ ಟಿಕೆಟ್ ಟಿಕೆಟ್ ಎಂದು ಕೂಗಿದ ಬಾಯಿ ಇದು. ಮೂರು ತಿಂಗಳು ನನ್ನ ಅಕ್ಕನನ್ನು ಟಿಕೆಟ್ ಇಲ್ಲದೆ ಮುಂದಿನ ಸೀಟಿನಲ್ಲಿ ಕೂರಿಸಿದ್ದೆನಲ್ಲ. ಅವನು ಸಮಾಧಾನ ಹೇಳಿದ. ಈಗ ಕಂಪನಿಯವರು ಒಳಗೇ ಒಂದು ಚೆಕಿಂಗ್ ಇಟ್ಟಿದ್ದಾರೆ, ಕೊಂಡದ್ದೋ ಕದ್ದದ್ದೋ ಎಂದು ತೆರೆದಾಗಲೆಲ್ಲ ಕೇಳುತ್ತದೆ. ಒಂದು ತಾಸು ಕೊಟ್ಟರೆ ಆ ಕೀಲಿಯನ್ನೂ ಮುರಿಯುತ್ತೇನೆ. ಆದರೆ ಆಮೇಲೆ ಗಾಗಲನ್ನು ಇಂಟರ್ನೆಟ್ಟಿಗೆ ಹಚ್ಚಬಾರದು ಎಂದ.

ಬೇಡ ಎಂದೆ. ನಾನೇನು ದೊಡ್ಡ ಸತ್ಯವಂತ ಎಂದಲ್ಲ. ಇಂಟರ್ನೆಟ್ ಇಲ್ಲದಿದ್ದರೆ ಅಕ್ಕನ ಕೈ ಡಾಕ್ಟರಬಾಯಿಗೆ ಕಾಣುವುದಿಲ್ಲ, ಅದು ಒಂದು. ಇನ್ನೊಂದು, ಆ ಆಟ ಮಾಡಿದವರು ಯಾರೋ, ಎಲ್ಲಿದ್ದಾರೋ. ಆದರೆ ಮುದುಕಿಯೊಬ್ಬಳ ನಿಧಾನದ ಕೈಗೆ ಚೆಂಡು ಎಷ್ಟು ನಿಧಾನಕ್ಕೆ ಬರಬೇಕು, ಎಷ್ಟು ಮೇಲೆ ಬರಬೇಕು ಎಂದು ಕೂತು ಯೋಚನೆ ಮಾಡಿದ್ದಾರೆ. ಅಷ್ಟು ಸಾವಕಾಶ ಗಾಡಿ ನಡೆಸುವ ಡ್ರೈವರ್ ಸಿಕ್ಕರೆ ನಾನಂತೂ ಟಿಕೆಟ್ ಹರಿದೇ ಕೊಡುತ್ತೇನೆ. ಖರೇ ಆ್ಯಪನ್ನೇ ಕೊಂಡುಕೊಡು ಎಂದೆ.

ಬ್ಯಾಂಕ್ ಕಾರ್ಡು ನನ್ನದಾದ್ದರಿಂದ ಕೊಳ್ಳಲು ನನ್ನ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆಯಬೇಕಾಯಿತು. ಹಳೆಯ ಖಾತೆಯಲ್ಲಿ ಅಕ್ಕನ ಮೂರು ತಿಂಗಳ ಲೆಕ್ಕವಿತ್ತು, ಅದನ್ನು ಬಿಡುವಂತಿರಲಿಲ್ಲ. ಒಂದೇ ಮನೆಯವರಾದರೆ ಒಬ್ಬರು ಕೊಂಡದ್ದನ್ನು ಇನ್ನೊಬ್ಬರು ಬಳಸಬಹುದು ಎಂದು ಕಂಪನಿಯದೇ ನಿಯಮವಿದೆಯಂತೆ. ಹಾಗೆ ಜೋಡಿಸಿದ. ನನ್ನ ಹುಟ್ಟಿದ ದಿನ ಕೇಳಿದ, ಹೇಳಿದೆ. ಬರೆಯುತ್ತಾ ಒಮ್ಮೆ ನನ್ನ ಮುಖ ನೋಡಿದ. ಅವನ ತಂದೆಯೂ ಜೂನ್ ಒಂದರವರೇ. ಏನೂ ಕೇಳದೆ ಮುಂದುವರಿಸಿದ.

ನಾಲ್ಕು ದಿನ ಚೆಂಡು ಬಂದವು. ಹೆಗಲಿಗೆ ಮೂರು ಬೆರಳು ಎಂದು ಡಾಕ್ಟರಬಾಯಿ ಫೋನು ಮಾಡಿ ಹೇಳಿದರು. ಐದನೆಯ ದಿನ ಮತ್ತೆ ಬೋರ್ಡು. ಈ ಸಲ ಉದ್ದದ್ದು. ಅಂಗಡಿಯವನಿಗೆ ಫೋಟೋ ಕಳಿಸಿದೆ, ಅವನು ಕನ್ನಡಕ್ಕೆ ತಂದ: ಈ ಎರಡು ಖಾತೆಗಳು ಒಬ್ಬನೇ ವ್ಯಕ್ತಿಗೆ ಸೇರಿವೆ ಎಂದು ನಮ್ಮ ವ್ಯವಸ್ಥೆ ಗುರುತಿಸಿದೆ, ಒಂದು ಹಕ್ಕನ್ನು ಸುಳ್ಳು ಖಾತೆಯ ಮೂಲಕ ಹಂಚಿಕೊಂಡ ಕಾರಣ ಎರಡನ್ನೂ ತಡೆಹಿಡಿಯಲಾಗಿದೆ.

ಅವನು ಬಿಡಿಸಿ ಹೇಳಿದ. ಒಂದನ್ನು ಕೊಂಡು ಹತ್ತು ಸುಳ್ಳು ಹೆಸರಿನಲ್ಲಿ ಹಂಚುವ ಜನ ಇರುತ್ತಾರೆ. ಅಂಥವರನ್ನು ಹಿಡಿಯಲು ಯಂತ್ರ ಕೂರಿಸಿದ್ದಾರೆ. ಆ ಯಂತ್ರಕ್ಕೆ ಕಂಡದ್ದು ಇಷ್ಟು: ಫೋನ್ ನಂಬರು ಒಂದೇ, ಮನೆ ಒಂದೇ, ಹುಟ್ಟಿದ ದಿನ, ತಿಂಗಳು, ವರ್ಷ ಒಂದೇ. ಅದರ ಮೇಲೆ ಈ ಗಾಗಲ್ ಮೊದಲೇ ಕದ್ದ ಆಟ ಆಡಿ ಸಿಕ್ಕಿಬಿದ್ದದ್ದು. ಯಂತ್ರದ್ದೇನು ತಪ್ಪು? ಅದಕ್ಕೆ ನಮ್ಮ ಹೆಡ್‌ಮಾಸ್ತರರ ಪರಿಚಯವಿಲ್ಲ.

ಅಕ್ಕ ಗಾಗಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಏನು ಬರೆದಿದ್ದಾರೆ ಎಂದು ಕೇಳಿದಳು. ನೀನು ಅನ್ನುವವಳು ಇಲ್ಲವೇ ಇಲ್ಲವಂತೆ, ನಾನೇ ನೀನಂತೆ ಎಂದೆ. ಬಹಳ ಹೊತ್ತು ನಕ್ಕಳು. ನಗು ನಿಂತ ಮೇಲೆ ತನ್ನ ಬಲಗೈ ನೋಡಿಕೊಂಡು ಹೇಳಿದಳು:

“ನಾನೂ ನೀನೂ ಒಬ್ರ ಆಗಿದ್ರ, ನಿನಗ್ಯಾಕೋ ಕೈ ಎತ್ತಾಕ ಬರ್ತೈತಿ?”

ನನಗೆ ಆಗ ನೆನಪಾದದ್ದು ಹುಕ್ಕೇರಿಯಿಂದ ಕಣಗಲಾ ಕಡೆಗೆ ಹೋಗುವ ನನ್ನ ಹಳೆಯ ಬಸ್ಸು. ಟಿಕೆಟ್ಟಿಗೆ ಇನ್ನೂ ಯಂತ್ರ ಬರದ ಕಾಲ, ತೆಳ್ಳನೆ ಬಣ್ಣದ ಕಾಗದ ಹರಿದು ತೂತು ಹಾಕಿ ಕೊಡುತ್ತಿದ್ದೆವು. ಕಿಟಕಿಯ ಪಕ್ಕದ ಒಬ್ಬ ಹೆಣ್ಣುಮಗಳ ಟಿಕೆಟ್ಟು ಗಾಳಿಗೆ ಹಾರಿಹೋಯಿತು. ಅದರ ಮುಂದಿನ ನಿಲ್ದಾಣದಲ್ಲೇ ಚೆಕಿಂಗಿನವರು ಹತ್ತಬೇಕೇ? ಅವರು ಕೇಳಿದರು, ಆಕೆ ಕಿಟಕಿ ತೋರಿಸಿದಳು. ಕಿಟಕಿ ಎಲ್ಲರೂ ತೋರಿಸುತ್ತಾರೆ. ಇಳಿಯಿರಿ ಎಂದರು. ನಾನು ಹಿಂದಿನಿಂದ ಬಂದು, ಟಿಕೆಟ್ ನಾನೇ ಕೊಟ್ಟಿದ್ದೇನೆ ಸಾಹೇಬರೇ, ಮೊಮ್ಮಗಳನ್ನು ನೋಡಲು ಹೊರಟಿದ್ದಾಳೆ, ಎರಡು ಸಲ ಊರು ಹೇಳಿದಳು, ನೆನಪಿದೆ ಎಂದೆ. ಅವರು ನನ್ನ ಕಣ್ಣನ್ನೇ ನೋಡಿ, ಸರಿ ಎಂದು ಮುಂದಿನ ಸೀಟಿಗೆ ಹೋದರು. ಚೆಕಿಂಗ್ ಬೇಡ ಎಂದು ನಾನು ಯಾವತ್ತೂ ಹೇಳಿದವನಲ್ಲ. ಟಿಕೆಟ್ ಇಲ್ಲದವರನ್ನು ನಾನೇ ಎಷ್ಟೋ ಸಲ ಮೇಳವಂಕಿಯ ಬಿಸಿಲಲ್ಲಿ ಇಳಿಸಿದ್ದೇನೆ. ಆದರೆ ನಾನು ಕೊಟ್ಟೇನಿ ಎನ್ನುವ ಒಬ್ಬ ಮನುಷ್ಯ ಬಸ್ಸಿನೊಳಗೆ ಇರುತ್ತಿದ್ದ. ಈ ಗಾಗಲಿನೊಳಗೆ ಚೆಕಿಂಗಿನವರು ಇದ್ದರು, ಕಂಡಕ್ಟರ್ ಇರಲಿಲ್ಲ. ಹಾಗಾದರೆ ಆ ಕೆಲಸ ನಾನೇ ಮಾಡಬೇಕು ಎಂದುಕೊಂಡೆ. ಮೂವತ್ತಾರು ವರ್ಷದ ಅನುಭವವಿದೆ, ಹೆದರುವುದೇನು?

ಕೈ ಮಾತ್ರ ಕಾಯುವಂತಿರಲಿಲ್ಲ. ಹಳೆಯ ಪೆಟ್ಟಿಗೆಯಲ್ಲಿ ಕಂಬಳಿ ನೂಲಿನ ಉಂಡೆಗಳಿದ್ದವು, ಅವ್ವ ಸುತ್ತಿಟ್ಟವು. ಅವನ್ನು ತೆಗೆದೆ. ಅಕ್ಕನನ್ನು ಅಂಗಳದಲ್ಲಿ ಕುರ್ಚಿಯ ಮೇಲೆ ಕೂರಿಸಿ, ನಾಲ್ಕು ಮಾರು ದೂರ ನಿಂತು, ಒಂದೊಂದೇ ಎಸೆದೆ. ಎಸೆಯುವಾಗ ಬಾಯಲ್ಲಿ ತಾನೇ ಬಂತು: ರೈಟ್. ಬಸ್ಸು ಹೊರಡಿಸಲು ಸಾವಿರ ಸಲ ಅಲ್ಲ, ಲಕ್ಷ ಸಲ ಹೇಳಿದ ಮಾತು. ಅಕ್ಕನ ಬಲಗೈ ಎದ್ದು ಉಂಡೆಯನ್ನು ಬಡಿಯಿತು. ಮತ್ತೆ ರೈಟ್. ದಣಿವಾದರೆ ಹೋಲ್ಡಾನ್. ಓಣಿಯ ಹೆಂಗಸರು ಗೋಡೆಯ ಮೇಲಿಂದ ಇಣುಕಿ, ಕಂಡಕ್ಟರಣ್ಣ ಮನೆಯಲ್ಲೇ ಬಸ್ ಬಿಟ್ಟಿದ್ದಾನೆ ಎಂದು ನಕ್ಕರು. ನಾನು ಗಾಗಲಿನಷ್ಟು ಜಾಣ ಅಲ್ಲ. ನನ್ನ ಉಂಡೆ ಒಮ್ಮೆ ಹಣೆಗೆ, ಒಮ್ಮೆ ಮೊಣಕಾಲಿಗೆ ಬೀಳುತ್ತಿತ್ತು. ಒಂದು ಬೆರಳಿನ ಲೆಕ್ಕ ಹಿಡಿಯುವುದು ನನ್ನ ಕೈಲಿ ಆಗಲಿಲ್ಲ. ಆದರೆ ಹೆಗಲು ಬಿಗಿಯಲು ಬಿಡಲಿಲ್ಲ.

ಈ ಕಡೆ ಕಂಪನಿಗೆ ಅರ್ಜಿ. ನನಗೆ ಕತೆ ಹೇಳಲು ಕಲಿಸಿದವರು ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ. ಅವರು ಏನೇ ಹೇಳಲಿ, ಮೊದಲು ಊರು, ಆಮೇಲೆ ಹೊಲ, ಆಮೇಲೆ ಮನುಷ್ಯರು, ಕೊನೆಗೆ ಜಗಳ. ನಾನೂ ಹಾಗೇ ಬರೆದೆ. ಹಿಂಡು, ಸೊಂಟ, ಅಲಾವಿ ಕುಣಿ, ಹಾಲುಗಾಳು, ಮಾಸ್ತರರ ಪೆನ್ನು, ಎಲ್ಲ ಸೇರಿ ಎರಡೂವರೆ ಪುಟ. ಅಂಗಡಿಯವನು ಓದಿ, ಚೆನ್ನಾಗಿದೆ ಕಾಕಾ, ಆದರೆ ಅವರು ಕೊಟ್ಟಿರುವ ಚೌಕದಲ್ಲಿ ಮೂರು ಸಾಲು ಹಿಡಿಯುತ್ತದೆ ಎಂದ. ಮೂರು ಸಾಲಿಗೆ ಇಳಿಸಿದ. ಊರು ಹೋಯಿತು, ಹೊಲ ಹೋಯಿತು, ಜಗಳ ಮಾತ್ರ ಉಳಿಯಿತು. ಉತ್ತರ ನಾಲ್ಕೇ ನಿಮಿಷದಲ್ಲಿ ಬಂತು: ಪರಿಶೀಲಿಸಿದ್ದೇವೆ, ನಿರ್ಧಾರದಲ್ಲಿ ಬದಲಾವಣೆ ಇಲ್ಲ. ನಾಲ್ಕು ನಿಮಿಷದಲ್ಲಿ ಮನುಷ್ಯನಾದವನು ಕನ್ನಡಕವನ್ನೂ ಹುಡುಕಿಕೊಳ್ಳಲಾರ. ಇದು ಯಂತ್ರವೇ ಎಂದು ನನಗೆ ಖಾತ್ರಿಯಾಯಿತು.

ಎರಡನೆಯ ಸಲ ಇಬ್ಬರ ಆಧಾರ್ ಕಾರ್ಡು ಕಳಿಸಿದೆವು. ಅದು ಬೆಂಕಿಗೆ ತುಪ್ಪ ಹಾಕಿದಂತಾಯಿತು, ಎರಡರಲ್ಲೂ ಅದೇ ದಿನ. ಖರೇ ಹುಟ್ಟಿದ ದಿನ ಯಾವುದೋ ಒಂದು ಹಾಕಿಬಿಡೋಣವೇ ಎಂದು ಅವನು ಕೇಳಿದ. ಅಕ್ಕನಿಗೆ ಗೊತ್ತಿರುವುದು ಅಲಾವಿ ಕುಣಿಯ ಮರುದಿನ. ಮೊಹರಮ್ಮು ವರ್ಷ ವರ್ಷ ಸರಿಯುವ ಹಬ್ಬ, ಯಾವ ಚೌಕದಲ್ಲಿ ಬರೆಯುವುದು? ಒಂದು ಸುಳ್ಳಿಗೆ ಸಿಕ್ಕಿ ಕೂತಿದ್ದೇವೆ, ಎರಡನೆಯದು ಬೇಡ ಎಂದೆ. ಆಗ ಡಾಕ್ಟರಬಾಯಿ ಉಪಾಯ ಹೇಳಿದರು. ವಿಡಿಯೋ ಕಳಿಸುವ ಜಾಗ ಒಂದಿರುತ್ತದೆ. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ತೆಗೆಯಿರಿ, ಇವರಿಬ್ಬರೂ ಬೇರೆ ಬೇರೆ, ಈಕೆ ನನ್ನಲ್ಲಿ ತೋರಿಸಿಕೊಳ್ಳುವವರು ಎಂದು ನಾನೂ ಒಂದು ಚೀಟಿ ಬರೆದುಕೊಡುತ್ತೇನೆ ಎಂದರು.

ಅಂಗಡಿಯವನು ಒಂದು ಭಾನುವಾರ ಮೂಡಲಗಿಯಿಂದ ತಾನೇ ಬಂದ. ಕಾಪಿ ಹಾಕಿದ್ದಕ್ಕೆ ಅವನಿಗೆ ಒಳಗೇ ನಾಚಿಕೆಯಿತ್ತು. ಅಂಗಳದಲ್ಲಿ ನಮ್ಮಿಬ್ಬರನ್ನು ನಿಲ್ಲಿಸಿದ. ಅಕ್ಕ ಇಳಕಲ್ ಸೀರೆ ಉಟ್ಟಿದ್ದಳು, ನಾನು ನಿವೃತ್ತಿಯ ಹಾರದ ದಿನದ ಅಂಗಿ ಹಾಕಿದ್ದೆ. ಡಾಕ್ಟರಬಾಯಿಯ ಚೀಟಿ ನನ್ನ ಕೈಯಲ್ಲಿ, ಆಧಾರ್ ಅಕ್ಕನ ಎಡಗೈಯಲ್ಲಿ. ಮಾತಾಡಿರಿ ಎಂದ. ನಾನು ಗಂಟಲು ಸರಿಮಾಡಿಕೊಂಡು, ಮಾನ್ಯರೇ, ನಮ್ಮ ಊರು ಘಟಪ್ರಭೆಯ ದಂಡೆಗೆ ಎಂದು ಊರಿನಿಂದ ಶುರು ಮಾಡಿದೆ. ಅಕ್ಕ ತಡೆದಳು.

“ನೀ ಸುಮ್ನಿರು. ಊರು ಮುಟ್ಟೂದ್ರಾಗ ಬ್ಯಾಟರಿ ಮುಗಿತೈತಿ.”

ಆಮೇಲೆ ಮೊಬೈಲಿನ ಕಡೆಗೆ ತಿರುಗಿ, ಎದುರು ಮನೆಯವರ ಜೊತೆ ಮಾತಾಡಿದ ಹಾಗೆ ಹೇಳಿದಳು:

“ಇಂವ ನನ್ನ ತಮ್ಮ ಅದಾನ್ರಿ. ನಾ ಇವನಕಿಂತ ನಾಕ್ ವರ್ಷ ದೊಡ್ಡಾಕಿ. ಇವನ್ನ ಸೊಂಟದ ಮ್ಯಾಲೆ ಹೊತ್ಕೊಂಡು ಸಾಲಿಗೆ ಒಯ್ದಾಕಿ ನಾ. ಇಂವ ಆಗ ಇಷ್ಟ ಇದ್ದಾ.”

ಇಷ್ಟ ಎನ್ನುವಾಗ ಕೈಯಿಂದ ಎತ್ತರ ತೋರಿಸಬೇಕಲ್ಲ? ಎಡಗೈಯಲ್ಲಿ ಆಧಾರ್ ಇತ್ತು. ಬಲಗೈ ಎದ್ದಿತು. ಮೊದಲು ಸೊಂಟದ ಬಳಿ ಅಂಗೈ ಚಪ್ಪಟೆ ಮಾಡಿ ತೋರಿಸಿದಳು. ಆಮೇಲೆ, ಈಗ ನೋಡ್ರಿ ಇಷ್ಟ ಆಗ್ಯಾನ ಎನ್ನುತ್ತಾ ಅದೇ ಕೈಯನ್ನು ಎತ್ತಿ ಎತ್ತಿ ನನ್ನ ನೆತ್ತಿಯ ಮೇಲೆ ಇಟ್ಟಳು. ನಾನು ಆಕೆಗಿಂತ ಒಂದು ಗೇಣು ಎತ್ತರ. ಆ ಕೈ ಹೆಗಲು ದಾಟಿದ್ದು ಆಕೆಗೆ ಗೊತ್ತೇ ಆಗಲಿಲ್ಲ. ನನಗೆ ಗೊತ್ತಾಯಿತು, ನನ್ನ ತಲೆಯ ಮೇಲೆ ಅದರ ಭಾರವಿತ್ತು. ಅಂಗಡಿಯವನಿಗೂ ಗೊತ್ತಾಗಿ, ಮೊಬೈಲ್ ಅಲ್ಲಾಡಿತು. ಆ ವಿಡಿಯೋದಲ್ಲಿ ಕೊನೆಗೆ ನಮ್ಮ ಮನೆಯ ಬೇವಿನ ಮರ ಕಾಣುತ್ತದೆ. ಹಾಗೇ ಕಳಿಸಿದೆವು. ಡಾಕ್ಟರಬಾಯಿಗೂ ಒಂದನ್ನು ಕಳಿಸಿದೆ. ಅವರು ಮೂರು ಸಲ ನೋಡಿದೆ ಎಂದರು, ಇನ್ನು ಮೂರು ಬೆರಳಿನ ಮಾತು ಬೇಡ ಎಂದರು.

ಕಂಪನಿಯ ಉತ್ತರ ಎಂಟು ದಿನಕ್ಕೆ ಬಂತು. ಎಂಟು ದಿನ ಹಿಡಿಯಿತು ಎಂದರೆ ಯಾರೋ ಕೂತು ನೋಡಿದ್ದಾರೆ, ಕನ್ನಡಕ ಹುಡುಕಿದ್ದಾರೆ ಎಂದು ನನಗೆ ಸಮಾಧಾನವಾಯಿತು. ಎರಡೂ ಖಾತೆ ತೆರೆದಿದ್ದೇವೆ, ತೊಂದರೆಗೆ ವಿಷಾದ ಎಂದಿತ್ತು. ಕೆಳಗೆ ಇನ್ನೊಂದು ಸಾಲು: ನೀವಿಬ್ಬರೂ ಅವಳಿಗಳೆಂದು ನಮ್ಮ ದಾಖಲೆಯಲ್ಲಿ ಗುರುತಿಸಿಕೊಂಡಿದ್ದೇವೆ, ಮುಂದೆ ಈ ತೊಂದರೆ ಆಗುವುದಿಲ್ಲ.

ತಿದ್ದಿಸಬೇಕೇ ಎಂದು ಅಂಗಡಿಯವನು ಕೇಳಿದ. ಇರಲಿ ಬಿಡು ಎಂದಳು ಅಕ್ಕ. ಮಾಸ್ತರರು ಬರೆದದ್ದನ್ನು ಅಷ್ಟು ದೂರದವರೂ ಒಪ್ಪಿದರಲ್ಲ ಎಂದಳು.

ಚೆಂಡುಗಳು ಮತ್ತೆ ತೇಲಿ ಬಂದವು. ನಾನು ಎಸೆದ ಉಂಡೆಗಿಂತ ಅವು ಎಷ್ಟೋ ಮೇಲು, ಒಪ್ಪುತ್ತೇನೆ. ಆದರೂ ಅಕ್ಕ ಸಂಜೆಯ ಸರದಿಯನ್ನು ನನಗೇ ಉಳಿಸಿದಳು. ಗಾಗಲಿನಲ್ಲಿ ರೈಟ್ ಹೇಳುವವರಿಲ್ಲ ಎಂಬುದು ಆಕೆಯ ಒಂದೇ ದೂರು.

ಆರನೆಯ ವಾರ ಇರಬೇಕು, ಒಂದು ಬೆಳಿಗ್ಗೆ ನಾನು ಅಂಗಳದಲ್ಲಿ ಕೂತು ಪೇಪರ್ ಓದುತ್ತಿದ್ದೆ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು. ಹೆಂಡತಿಯದಲ್ಲ. ನಡುವೆ ಒಮ್ಮೆ ನಿಂತಿತು, ಒಮ್ಮೆ ಎಡವಿತು. ಮೊದಲನೆಯದು ಹರಿಯಿತು ಎಂದು ಆಮೇಲೆ ಗೊತ್ತಾಯಿತು, ಎರಡನೆಯದು ನಕಾಶೆಯಂತೆ ಆಯಿತು, ಅವನ್ನು ಎಮ್ಮೆಗೆ ಹಾಕಿದರು. ಊಟಕ್ಕೆ ಕೂತಾಗ ಹೆಂಡತಿ ಒಂದು ರೊಟ್ಟಿ ನನ್ನ ತಾಟಿಗೆ ಹಾಕಿದಳು. ದಪ್ಪಗಿತ್ತು, ಒಂದು ಕಡೆ ಹೆಚ್ಚು ಸುಟ್ಟಿತ್ತು. ಅಂಚನ್ನು ಸುತ್ತ ಸವರಿದೆ. ತಗ್ಗು ಇತ್ತು. ಮೊದಲಿನ ಜಾಗದಲ್ಲಲ್ಲ, ತುಸು ಈಚೆಗೆ ಸರಿದಿತ್ತು, ಮೊದಲಿಗಿಂತ ಆಳವಾಗಿಯೂ ಇತ್ತು. ಅಷ್ಟು ಒತ್ತಿ ಊರಬೇಕಾಗಿತ್ತು ಆ ಕೈಗೆ.

ಅಕ್ಕ ಒಲೆಯ ಮುಂದೆ ಕೂತಲ್ಲಿಂದಲೇ, ತಿರುಗಿ ನೋಡದೆ ಕೇಳಿದಳು:

“ಯಾರದಂತ ಹೇಳು ನೋಡೋಣ?”

“ನಂದ. ನೀನೂ ನಾನೂ ಒಬ್ರ ಅಂತ ಕಂಪನಿಯವ್ರು ಬರದಿದ್ರಲ್ಲಾ.”

“ಹಂಗಾದ್ರ ಎದ್ದು ಬಂದು ಉಳಿದದ್ದು ನೀನ ಬಡಿ. ನಾ ಉಣ್ತೀನಿ.”

ನಾನು ಏಳಲಿಲ್ಲ. ರೊಟ್ಟಿಯನ್ನು ತಗ್ಗು ಇದ್ದ ಕಡೆಯಿಂದಲೇ ಮುರಿದು, ಪುಂಡಿಪಲ್ಯೆಗೆ ಹಚ್ಚಿ ಬಾಯಿಗೆ ಇಟ್ಟೆ. ಒಲೆಯ ಕಡೆಯಿಂದ ಸಪ್ಪಳ ಮತ್ತೆ ಶುರುವಾಯಿತು, ಎಡಗೈಯದು ಮೊದಲು, ಬಲಗೈಯದು ತುಸು ತಡವಾಗಿ.